ಚೊಣಕ್ ಬೆನ್ನು ಹತ್ತಿದವರ ಪ್ರಶ್ನೆಗಳು

ಮಳೆ ಕಳೆದು ಅಳಿವೆಯ ನೀರು ತಿಳಿಯಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೂ ಒಂದೇ ಮೀನಿನ ಸುತ್ತ ತಿರುಗತೊಡಗುತ್ತವೆ. ಕಾರವಾರದವರಿಗೆ ಅದು ಚೊಣಕ್, ಕುಮಟಾ ಕಡೆ ಕುರುಡೆ, ಗಾಳದ ಅಂಗಡಿಯಲ್ಲಿ ಸೀಬಾಸ್. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೆರಡು ವರ್ಷ ಗಾಳ ಹಾಕಿ ಕೈ ಕುದುರಿಸಿಕೊಂಡವರವು. ಹಾಗಾಗಿ ಅ ಆ ಇ ಈ ಬಿಟ್ಟು ನೇರ ವಿಷಯಕ್ಕೆ ಬಂದಿದ್ದೇವೆ.

ಪ್ರಶ್ನೆ: ಕಾಳಿ ಸೇತುವೆಯ ಕೆಳಗೆ ದಂಡೆಯಿಂದ ಸಂಜೆ ಲ್ಯೂರ್ (ಮೀನಿನಂತೆ ಕಾಣುವ ಕೃತಕ ಎರೆ) ಹಾಕುತ್ತೇನೆ. 7 ಅಡಿ ರಾಡ್, 3000 ಸೈಜಿನ ರೀಲ್, 20 ಪೌಂಡಿನ ಬ್ರೇಡ್ (ಅಷ್ಟು ಭಾರ ತಾಳುವ ಹೆಣೆದ ದಾರ). ಸಣ್ಣವು ಸಿಗುತ್ತವೆ, ದೊಡ್ಡದು ಕಚ್ಚಿದ ಕೂಡಲೇ ದಾರ ತುಂಡು. 40 ಪೌಂಡಿನ ಬ್ರೇಡ್ ಹಾಕಿದರೆ ಸರಿಹೋಗುತ್ತದೆಯೇ? (ಕೋಡಿಬಾಗ, ಕಾರವಾರ)

ಉತ್ತರ: ದಾರ ಬದಲಿಸುವ ಮೊದಲು ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಹಳ ಜನ ಅದನ್ನು ಕತ್ತರಿಸಿ ಎಸೆದು ಹೊಸ ಗಂಟು ಹಾಕುತ್ತಾರೆ, ಕಾರಣವೂ ಅದರ ಜೊತೆಗೇ ಹೋಗುತ್ತದೆ. ತುದಿ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿದೆ. ಒಂದು ಗೇಣು ಉದ್ದಕ್ಕೆ ಎಳೆ ಎದ್ದು ಒರಟಾಗಿದ್ದರೆ ಕಂಬಕ್ಕೆ ಅಂಟಿದ ಕಲ್ವಾ ಚಿಪ್ಪಿಗೆ ಉಜ್ಜಿದೆ. ಬ್ಲೇಡಿನಲ್ಲಿ ಕೊಯ್ದಂತಿದ್ದರೆ ಅದು ಮೀನಿನದೇ ಕೆಲಸ. ಚೊಣಕಿನ ಕಿವಿರು ಮುಚ್ಚಳದ ಅಂಚು ಬಹಳ ಹರಿತ. ಮೀನು ನೀರಿನಿಂದ ಮೇಲೆದ್ದು ತಲೆ ಕೊಡವಿದಾಗ ಬಿಗಿದ ಬ್ರೇಡ್ ಅದಕ್ಕೆ ತಾಗಿದರೆ ಮುಗಿಯಿತು, 20 ಪೌಂಡಾದರೂ ಅಷ್ಟೇ, 40 ಆದರೂ ಅಷ್ಟೇ. ಇನ್ನು ದಾರ ಲ್ಯೂರಿನಿಂದ ಬಹಳ ಮೇಲೆ, ರಾಡಿನ ರಿಂಗುಗಳ ನಡುವೆ ತುಂಡಾಗಿದ್ದರೆ ಪ್ರತಿ ರಿಂಗಿನೊಳಗೂ ಹತ್ತಿ ಎಳೆದು ನೋಡಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಆ ರಿಂಗಿನ ಒಳಬಳೆ ಬಿರುಕು ಬಿಟ್ಟಿದೆ.

ನಿಮ್ಮ ಪತ್ರದಲ್ಲಿ ಲೀಡರಿನ, ಅಂದರೆ ಬ್ರೇಡಿಗೂ ಲ್ಯೂರಿಗೂ ನಡುವೆ ಕಟ್ಟುವ ದಪ್ಪ ದಾರದ ತುಂಡಿನ ಮಾತೇ ಇಲ್ಲ. ಅಲ್ಲಿಂದ ಶುರು ಮಾಡಿ. 40ರಿಂದ 50 ಪೌಂಡಿನ ಫ್ಲೋರೋಕಾರ್ಬನ್ ಅಥವಾ ಗಟ್ಟಿ ನೈಲಾನ್ ಲೀಡರ್, 60 ಸೆಂ.ಮೀ. ಉದ್ದ ಸಾಕು. ಎಸೆಯುವಾಗ ಗಂಟು ರಾಡಿನ ತುದಿಯಿಂದ ಹೊರಗೇ ಇರಬೇಕು, ರಿಂಗಿಗೆ ಬಡಿಯುತ್ತ ಹೋದರೆ ಗಂಟು ಬೇಗ ಸವೆಯುತ್ತದೆ. ಸ್ಟೀಲ್ ವೈರ್ ಬೇಡ. ಚೊಣಕಿಗೆ ಕತ್ತರಿಸುವ ಹಲ್ಲಿಲ್ಲ, ಮರಳು ಕಾಗದದಂಥ ಒರಟು ಬಾಯಿ ಮಾತ್ರ. ವೈರ್ ಹಾಕಿದರೆ ಲ್ಯೂರಿನ ಓಲಾಟ ಸಾಯುತ್ತದೆ.

ಬ್ರೇಡಿಗೂ ಲೀಡರಿಗೂ ಡಬಲ್ ಯೂನಿ ಗಂಟು ಕಲಿಯಲು ಸುಲಭ. ಎರಡನ್ನೂ 20 ಸೆಂ.ಮೀ. ಜೋಡಿಸಿ ಹಿಡಿದು, ಬ್ರೇಡಿನ ತುದಿಯಿಂದ ಕುಣಿಕೆ ಮಾಡಿ ಒಳಗಿನಿಂದ 8 ಸುತ್ತು, ಲೀಡರಿನ ತುದಿಯಿಂದ 4 ಸುತ್ತು. ಬ್ರೇಡ್ ತೆಳು ಮತ್ತು ನುಣುಪು, ಕಡಿಮೆ ಸುತ್ತಿದರೆ ಜಾರುತ್ತದೆ. ಲೀಡರ್ ದಪ್ಪ, ಹೆಚ್ಚು ಸುತ್ತಿದರೆ ಕೂರುವುದಿಲ್ಲ. ಉಗುಳಿನಿಂದ ಒದ್ದೆ ಮಾಡಿ, ಎರಡೂ ಗಂಟುಗಳನ್ನು ಒಂದಕ್ಕೊಂದು ತಾಗುವವರೆಗೆ ನಿಧಾನ ಎಳೆಯಿರಿ. ಒಣಗಿದ್ದಾಗ ಜಗ್ಗಿದರೆ ಉಜ್ಜಿದ ಬಿಸಿಗೆ ಲೀಡರ್ ಅಲ್ಲೇ ಸೊರಗುತ್ತದೆ. ಇದು ಕೈಗೆ ಹತ್ತಿದ ಮೇಲೆ ಎಫ್‌ಜಿ ಗಂಟಿಗೆ ಹೋಗಿ: ಬಿಗಿಯಾಗಿ ಹಿಡಿದ ಲೀಡರಿನ ಮೇಲೆ ಬ್ರೇಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಡೆ ಹೆಣೆದಂತೆ 20 ಸಲ ಸುತ್ತಿ, ಮೇಲಿಂದ ಏಳೆಂಟು ಅರ್ಧಗಂಟು. ಅದು ತೆಳ್ಳಗೆ ಕೂರುವುದರಿಂದ ಲೀಡರ್ ಉದ್ದ ಬೇಕಾದಾಗ ರಿಂಗಿನೊಳಗೆ ಸಲೀಸಾಗಿ ಓಡುತ್ತದೆ.

ಕೊನೆಯದು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಡುವ ರೀಲಿನ ಬಿಗಿತ. ಬೆರಳಿನಿಂದ ಎಳೆದು 'ಸಾಕು' ಅನ್ನುವ ಅಂದಾಜು ದೊಡ್ಡ ಮೀನಿನ ಮುಂದೆ ನಡೆಯುವುದಿಲ್ಲ. ದಾರವನ್ನು ರಿಂಗುಗಳಲ್ಲಿ ಪೋಣಿಸಿ, ರಾಡನ್ನು 45 ಡಿಗ್ರಿ ಎತ್ತಿ ಹಿಡಿದು, ತುದಿಯನ್ನು ಕೊಕ್ಕೆ ತಕ್ಕಡಿಗೆ ಕಟ್ಟಿ ಇನ್ನೊಬ್ಬರಿಂದ ಎಳೆಸಿ. 20 ಪೌಂಡೆಂದರೆ 9 ಕಿಲೊ. ಅದರ ಕಾಲುಭಾಗ, ಅಂದರೆ 2ರಿಂದ 2.3 ಕಿಲೊಗೆ ದಾರ ಬಿಡತೊಡಗಬೇಕು. ಕಂಬದ ಹತ್ತಿರ ಇದು ಸಾಲದು ಅನ್ನಿಸುತ್ತದೆ, ಮೀನು ಮೊದಲ ಓಟದಲ್ಲೇ ಕಲ್ವಾ ಕಡೆಗೆ ನುಗ್ಗುತ್ತದಲ್ಲ. ಅಂಥ ಕಡೆ 30 ಪೌಂಡಿನ ಬ್ರೇಡ್, 60 ಪೌಂಡಿನ ಲೀಡರ್, 3.5 ಕಿಲೊ ಡ್ರ್ಯಾಗ್ ಇಟ್ಟುಕೊಳ್ಳಿ. ನೀವು ಕೇಳಿದ 40ರ ತನಕ ಹೋದರೆ ಎಸೆತ ಗಿಡ್ಡವಾಗುತ್ತದೆ, 3000 ರೀಲಿನಲ್ಲಿ ದಾರವೂ ಕಡಿಮೆ ಹಿಡಿಯುತ್ತದೆ.

ಡ್ರ್ಯಾಗ್ ಬಿಗಿದ ಮೇಲೆ ಮುಂದಿನ ದುರ್ಬಲ ಜಾಗ ಟ್ರೆಬಲ್ ಹುಕ್ (ಮೂರು ಮೊನೆಯ ಗಾಳ). ಸಿಹಿನೀರಿಗೆಂದು ಮಾಡಿದ ಲ್ಯೂರುಗಳ ತೆಳು ಹುಕ್ಕು ಇಷ್ಟು ಎಳೆತಕ್ಕೆ ಬಾಯಿ ಬಿಡುತ್ತದೆ. ಹುಕ್ಕಿನ ಜೊತೆ ಅದನ್ನು ಲ್ಯೂರಿಗೆ ಸೇರಿಸುವ ಸ್ಪ್ಲಿಟ್ ರಿಂಗನ್ನೂ ಬದಲಿಸಿ. ಹಾಗೆಯೇ ಹೆದ್ದಾರಿ ಸೇತುವೆಯ ಮೇಲೆ ನಿಂತು ಗಾಳ ಬಿಡುವವರನ್ನು ನೋಡಿ ನೀವೂ ಹತ್ತಬೇಡಿ. ಲಾರಿಗಳ ಮಾತು ಹಾಗಿರಲಿ, ಅಷ್ಟು ಎತ್ತರಕ್ಕೆ 4 ಕಿಲೊ ಮೀನನ್ನು ದಾರದಲ್ಲೇ ಎತ್ತುವುದೂ ಆಗದ ಕೆಲಸ.

ಪ್ರಶ್ನೆ: ಯೂಟ್ಯೂಬಿನಲ್ಲಿ ಅಮೆರಿಕದವರ ಬಾಸ್ ಫಿಶಿಂಗ್ ನೋಡಿ ಪೂರ್ತಿ ಸೆಟ್ ತರಿಸಿದ್ದೇನೆ. ನಮ್ಮ ಕೆರೆಗಳಲ್ಲಿ ಬಾಸ್ ಇದೆಯೇ? ಇಲ್ಲದಿದ್ದರೆ ದುಡ್ಡು ದಂಡವೇ? (ಶಿರಸಿ)

ಉತ್ತರ: ಆ ವಿಡಿಯೊಗಳ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು, ನಮ್ಮ ಕೆರೆಗಳ ಮೀನಲ್ಲ. ನಮ್ಮ ಸೀಬಾಸಿಗೂ ಅದಕ್ಕೂ ನಂಟಿಲ್ಲ. ಆದರೆ ಹೊಂಚು ಹಾಕುವ ಬುದ್ಧಿ ಒಂದೇ. ಎರಡೂ ಮರೆಯಲ್ಲಿ ನಿಂತು, ಬಾಯಿ ಅಗಲಿಸಿ ನೀರಿನ ಸಮೇತ ಬೇಟೆಯನ್ನು ಒಳಗೆಳೆಯುತ್ತವೆ. ಆದ್ದರಿಂದ ದುಡ್ಡು ದಂಡವಲ್ಲ.

ಘಟ್ಟದ ಮೇಲೆ ಆ ಸೆಟ್ಟಿಗೆ ಸರಿಯಾದ ಮೀನು ಕೊರವ. ನಿಮ್ಮ ಸೆಟ್ಟಿನಲ್ಲಿರುವ ಟೊಳ್ಳು ರಬ್ಬರ್ ಕಪ್ಪೆಯನ್ನು ತಾವರೆ ಎಲೆಯ ಮೇಲೆ ಬೀಳಿಸಿ, ಎಲೆಯಿಂದ ನೀರಿಗೆ ಇಳಿಸಿ, ಎರಡು ಮೂರು ಎಣಿಸುವಷ್ಟು ನಿಲ್ಲಿಸಿ. ಏಟು ಬಿದ್ದ ಸದ್ದಿಗೇ ಎಳೆಯಬೇಡಿ. ದಾರ ಭಾರವಾದ ಮೇಲೆ ಎಳೆಯಿರಿ. ಕಪ್ಪೆಯ ಟೊಳ್ಳು ಮೈ ಒತ್ತಿಕೊಂಡರೆ ಮಾತ್ರ ಹುಕ್ಕು ಹೊರಗೆ ಬರುತ್ತದೆ, ಅದಕ್ಕೆ ಆ ಒಂದು ಕ್ಷಣ ಬೇಕು. ಮರಿಗಳ ಕೆಂಪು ಗುಂಪು ಮೇಲೆ ಆಡುತ್ತಿದ್ದರೆ ಅಲ್ಲಿಗೆ ಹಾಕಬೇಡಿ. ಕೆಳಗೆ ಕಾವಲಿಗೆ ನಿಂತ ದೊಡ್ಡ ಮೀನು ಖಂಡಿತ ಕಚ್ಚುತ್ತದೆ, ಆಮೇಲೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಅಳಿವೆಗೆ ಇಳಿಯುವಾಗ ಅದೇ ಸೆಟ್ಟಿನಿಂದ 9ರಿಂದ 12 ಸೆಂ.ಮೀ. ಮಿನೊ ಲ್ಯೂರ್, 4 ಇಂಚಿನ ಪ್ಯಾಡಲ್ ಬಾಲದ ರಬ್ಬರ್ ಮೀನು ತನ್ನಿ. ಉಳಿದ ಬಣ್ಣ ಬಣ್ಣದ ರಬ್ಬರ್ ಹುಳುಗಳನ್ನು ಮನೆಯಲ್ಲೇ ಬಿಡಬಹುದು.

ಪ್ರಶ್ನೆ: ಅಘನಾಶಿನಿ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆ) ಕಡೆ ಗಾಳ ಹಾಕುತ್ತೇವೆ. ಭರತಿಯಲ್ಲಿ ಹೋಗಬೇಕೋ ಇಳಿತದಲ್ಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಹೆಗಡೆ, ಕುಮಟಾ)

ಉತ್ತರ: ನೀರು ಓಡುತ್ತಿರಬೇಕು, ಅದು ಮೊದಲ ಮಾತು. ನಿಂತ ನೀರಿನಲ್ಲಿ ಚೊಣಕ್ ಸೋಮಾರಿ. ಭರತಿ ತುಂಬಿದಾಗ ಶೆಟ್ಲಿ (ಸೀಗಡಿ), ಸಣ್ಣ ಮೀನು ಎಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳೊಳಗೆ, ಗಜನಿಯೊಳಗೆ ಹರಡಿ ಹೋಗುತ್ತವೆ. ಹಿಂದೆಯೇ ಚೊಣಕೂ ಹೋಗುತ್ತದೆ, ಲ್ಯೂರ್ ಅಲ್ಲಿಗೆ ಹೋಗಲಾರದು. ನೀರು ಇಳಿಯತೊಡಗಿದಾಗ ಅವೆಲ್ಲ ಸಣ್ಣ ಕೋಡಿಗಳಲ್ಲಿ ಸಾಲುಗಟ್ಟಿ ಹೊರಗೆ ಬರಲೇಬೇಕು. ಚೊಣಕ್ ಕೋಡಿಯ ಬಾಯಿಯ ಹೊರಗೆ, ಆಳ ಶುರುವಾಗುವ ಅಂಚಿನಲ್ಲಿ, ಹರಿವಿಗೆ ಮುಖ ಮಾಡಿ ಕಾಯುತ್ತದೆ. ಆದ್ದರಿಂದ ಗಜನಿ ಬದಿಯಲ್ಲಿ ನಮ್ಮ ಓಟು ಇಳಿತಕ್ಕೆ, ಅದರಲ್ಲೂ ನಡುವಿನ ಎರಡು ತಾಸಿಗೆ. ಅಳಿವೆಯ ಬಾಯಿಗೆ ಹತ್ತಿರದ ಕಲ್ಲು ದಂಡೆಯಲ್ಲಾದರೆ ಏರುವ ನೀರಿನ ಮೊದಲ ಭಾಗವೂ ಒಳ್ಳೆಯದು. 'ಒಬ್ಬೊಬ್ಬರು ಒಂದೊಂದು' ಹೇಳುವುದು ಇದೇ ಕಾರಣಕ್ಕೆ ಇರಬೇಕು, ಅವರು ನಿಲ್ಲುವ ಜಾಗ ಬೇರೆ ಬೇರೆ.

ಲ್ಯೂರನ್ನು ಹರಿವಿನ ಮೇಲ್ಬದಿಗೆ ಓರೆಯಾಗಿ ಎಸೆದು, ನೀರಿನ ಜೊತೆಗೇ ಕೆಳಗೆ ತನ್ನಿ. ಹರಿವಿಗೆ ಎದುರಾಗಿ ಈಜುವ ಗಾಯಗೊಂಡ ಮರಿ ಎಲ್ಲೂ ಇಲ್ಲ, ಮೀನಿಗೂ ಅದು ಗೊತ್ತು. ಕೋಡಿಯ ಕದಡು ನೀರು ಹೊಳೆಯ ತಿಳಿನೀರಿಗೆ ಸೇರುವ ಗೆರೆ ಕಣ್ಣಿಗೆ ಕಾಣುತ್ತದೆ. ಲ್ಯೂರ್ ಆ ಗೆರೆ ದಾಟುವ ಹೊತ್ತಿಗೆ ಒಂದು ಸಲ ಜಗ್ಗಿ ನಿಲ್ಲಿಸಿ. ಏಟು ಬೀಳುವುದು ಬಹುಪಾಲು ನಿಲ್ಲಿಸಿದಾಗ.

ಹೊತ್ತು ಲೆಕ್ಕ ಹಾಕಲು ಮನೆಯ ಪಂಚಾಂಗ ಸಾಕು. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ಘಳಿಗೆ 24 ನಿಮಿಷ, ಆದ್ದರಿಂದ ಒಂದು ತಿಥಿಗೆ ಎರಡು ಘಳಿಗೆ ಕೂಡಿಸಿ. ಹುಣ್ಣಿಮೆಯ ದಿನ ನೀವು ನಿಲ್ಲುವ ಜಾಗದಲ್ಲಿ 11:30ಕ್ಕೆ ನೀರು ತುಂಬಿತ್ತು ಎಂದಿಟ್ಟುಕೊಳ್ಳಿ, ಪಂಚಮಿಗೆ 3:30ರ ಸುಮಾರು. ಅಷ್ಟಮಿಯ ಆಸುಪಾಸು ಈ ಲೆಕ್ಕ ಒಂದು ತಾಸಿನವರೆಗೂ ತಪ್ಪಬಹುದು. ಕಾರವಾರ ಬಂದರಿನ ಭರತಿ ಪಟ್ಟಿ ನೋಡುವವರು ಇನ್ನೊಂದು ಗಮನಿಸಿ: ಅದು ಬಂದರಿನ ಹೊತ್ತು. ಹೊಳೆಯಲ್ಲಿ ಒಳಗೆ ಹೋದಷ್ಟೂ ನೀರು ತಡವಾಗಿ ತಿರುಗುತ್ತದೆ. ಒಂದು ಕೋಲು ನೆಟ್ಟು ಎರಡು ದಿನ ಗುರುತು ಹಾಕಿದರೆ ನಿಮ್ಮ ಜಾಗದ ವ್ಯತ್ಯಾಸ ಸಿಕ್ಕಿಬಿಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಎದುರುಬದುರು ಈ ಕರಾವಳಿಯ ಏರಿಳಿತ ಒಂದೂವರೆ ಮೀಟರ್ ಆಸುಪಾಸು, ಅಷ್ಟಮಿ ಹೊತ್ತಿಗೆ ಅದರ ಅರ್ಧ. ಸೆಳೆತ ಜೋರಿರುವ ದಿನ 10 ಗ್ರಾಂ ಜಿಗ್ ಹೆಡ್ (ಸೀಸದ ತಲೆಯ ಹುಕ್ಕು) ತಳ ಮುಟ್ಟುವುದೇ ಇಲ್ಲ, 20 ಗ್ರಾಂ ಹಾಕಿ.

ಜಂತ್ರಡಿಯ (ಗಜನಿಗೆ ನೀರು ಬಿಡುವ ತೂಬು) ಬಾಯಿಯಲ್ಲಿ ಮೀನು ಇರುತ್ತದೆ, ನಿಜ. ಆದರೆ ಗಜನಿಯ ಮೀನು, ಶೆಟ್ಲಿ ಹಿಡಿಯುವ ಹಕ್ಕು ಗುತ್ತಿಗೆ ಹಿಡಿದವರದು. ಕೇಳದೆ ಅಲ್ಲಿ ನಿಂತು ಜಗಳ ತಂದುಕೊಳ್ಳಬೇಡಿ, ಅವರು ಬಲೆ ಕಟ್ಟಿದ ಹೊತ್ತಿನಲ್ಲಂತೂ ಬೇಡವೇ ಬೇಡ.

ಪ್ರಶ್ನೆ: 'ಸಸ್ಪೆಂಡಿಂಗ್' ಅಂತ ಬರೆದ ದುಬಾರಿ ಲ್ಯೂರ್ ಕೊಂಡೆ. ನಿಲ್ಲಿಸಿದಾಗ ಇದ್ದಲ್ಲೇ ನಿಲ್ಲಬೇಕಂತೆ. ಗಂಗಾವಳಿಯಲ್ಲಿ ಅದು ಮೆಲ್ಲಗೆ ಮೇಲೆ ಬರುತ್ತದೆ. ಮೋಸವೇ? (ಮಂಜಗುಣಿ, ಅಂಕೋಲಾ)

ಉತ್ತರ: ಮೋಸವಲ್ಲ, ಉಪ್ಪು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಭಾರ. ಸಿಹಿನೀರಿನಲ್ಲಿ ಸರಿಯಾಗಿ ನಿಲ್ಲುವ 20 ಗ್ರಾಮಿನ ಲ್ಯೂರನ್ನು ಪೂರ್ಣ ಉಪ್ಪುನೀರು ಅರ್ಧ ಗ್ರಾಮಿನಷ್ಟು ಮೇಲಕ್ಕೆ ಒತ್ತುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ತಂತಿಯನ್ನು ಮುಂದಿನ ಟ್ರೆಬಲ್‌ನ ಕಾಂಡಕ್ಕೆ ಬಿಗಿಯಾಗಿ ಸುತ್ತಿ, ಹೊಳೆಯ ನೀರನ್ನೇ ಬಕೆಟ್ಟಿನಲ್ಲಿ ತುಂಬಿ ತೇಲಿಸಿ ನೋಡಿ. ಲ್ಯೂರ್ ಮೂಗು ತುಸು ತಗ್ಗಿಸಿ ನಿಂತರೆ ಸರಿ. ಹೆಚ್ಚಾದರೆ ಒಂದೊಂದೇ ಸುತ್ತು ಕತ್ತರಿಸಿ. ಹಿಂದಿನ ಹುಕ್ಕಿಗೆ ಸುತ್ತಿದರೆ ಬಾಲ ಜೋತು ಬಿದ್ದು ಓಲಾಟ ಕೆಡುತ್ತದೆ. ಗಟ್ಟಿ ಟ್ರೆಬಲ್ ಬದಲಿಸಿದ್ದರೆ ಅದರ ಹೆಚ್ಚುವರಿ ತೂಕವೇ ಎಷ್ಟೋ ಸಲ ಸಾಕಾಗುತ್ತದೆ, ಮೊದಲು ಅದನ್ನು ಮಾಡಿ ಆಮೇಲೆ ತಂತಿ.

ಮಳೆಗಾಲದ ಕೊನೆಯಲ್ಲಿ ಇದೇ ಲ್ಯೂರ್ ಬೇರೆ ಥರ ವರ್ತಿಸುತ್ತದೆ. ಆಗ ಹೊಳೆಯ ಮೇಲ್ಪದರ ಕೆಂಪು ಸಿಹಿನೀರು, ತಳದಲ್ಲಿ ಭಾರದ ಉಪ್ಪುನೀರು ನಾಲಿಗೆ ಚಾಚಿರುತ್ತದೆ. ಮೀನು, ಶೆಟ್ಲಿ ಎರಡೂ ಕೆಳಗಿನ ಪದರಿನಲ್ಲಿ. ಮೇಲೆ ಆಡುವ ಲ್ಯೂರ್ ಬದಿಗಿಟ್ಟು 15ರಿಂದ 20 ಗ್ರಾಂ ಜಿಗ್ ಹೆಡ್ ಮೇಲಿನ ರಬ್ಬರ್ ಮೀನನ್ನು ತಳ ಮುಟ್ಟಿಸಿ, ಒಂದು ಮೊಳ ಎತ್ತಿ, ಬಿಗಿದ ದಾರದಲ್ಲೇ ಮತ್ತೆ ಬೀಳಬಿಡಿ.

ಪ್ರಶ್ನೆ: ಶರಾವತಿ ದಂಡೆಯಲ್ಲಿ ಗಾಳಿ ಇದ್ದ ದಿನ ಬ್ರೇಡ್ ಗೋಜಲಾಗಿ ಹಾಳಾಗುತ್ತದೆ. (ಕಾಸರಕೋಡ, ಹೊನ್ನಾವರ)

ಉತ್ತರ: ಗಾಳಿಗಿಂತ ಸ್ಪೂಲ್ ಅನುಮಾನಾಸ್ಪದ. ದಾರ ಸ್ಪೂಲಿನ ಅಂಚಿನವರೆಗೆ ತುಂಬಿದ್ದರೆ ಎಸೆದಾಗ ನಾಲ್ಕಾರು ಸುತ್ತು ಒಟ್ಟಿಗೆ ಜಾರುತ್ತವೆ. ಅಂಚಿನಿಂದ 2ರಿಂದ 3 ಮಿ.ಮೀ. ಖಾಲಿ ಬಿಡಿ. ತಳಕ್ಕೆ ಹತ್ತು ಸುತ್ತು ನೈಲಾನ್ ಹಾಕಿ ಅದಕ್ಕೆ ಬ್ರೇಡ್ ಕಟ್ಟಿ, ಇಲ್ಲವಾದರೆ ಇಡೀ ಬ್ರೇಡ್ ಸ್ಪೂಲಿನ ಮೇಲೆ ಗಿರಗಿರ ತಿರುಗಿ, ಡ್ರ್ಯಾಗ್ ಕೆಟ್ಟಿದೆ ಎಂದು ನೀವು ತಿಳಿಯುತ್ತೀರಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ.

ಎಸೆದ ಮೇಲೆ ಬೇಲನ್ನು (ರೀಲಿನ ತಂತಿ ಕಮಾನು) ಕೈಯಿಂದಲೇ ಮುಚ್ಚಿ, ಹಿಡಿ ತಿರುಗಿಸಿ ಮುಚ್ಚಬೇಡಿ. ಲ್ಯೂರ್ ನೀರಿಗೆ ಬೀಳುವ ಮೊದಲೇ ಬೆರಳಿನಿಂದ ಸ್ಪೂಲ್ ತಡೆದು ಸಡಿಲು ದಾರ ಉಳಿಯದಂತೆ ನೋಡಿಕೊಳ್ಳಿ. ಗೋಜಲು ಬಿದ್ದರೆ ಜಗ್ಗಬೇಡಿ, ಹೊರಗಿನ ಕುಣಿಕೆಗಳನ್ನು ಹಲ್ಲುಕಡ್ಡಿಯಿಂದ ಸಡಿಲಿಸಿ.

ಪ್ರಶ್ನೆ: ವಾರಕ್ಕೊಮ್ಮೆ ಘಟ್ಟ ಇಳಿದು ಹೊನ್ನಾವರಕ್ಕೆ ಬರುತ್ತೇನೆ. ರೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತೇನೆ, ಆದರೂ ಚಳಿಗಾಲದಲ್ಲಿ ಹಿಡಿ ಬಿಗಿ. (ಸಿದ್ದಾಪುರ)

ಉತ್ತರ: 'ಆದರೂ' ಅಲ್ಲ, ಆದ್ದರಿಂದಲೇ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ನಿಮ್ಮೂರಿನ ಡಿಸೆಂಬರ್ ಬೆಳಗಿಗೆ ಅದು ಬೇರಿಂಗಿನೊಳಗೆ ಮೇಣ. ಹಳತಾದರೆ ಅಂಟಾಗಿ ಮರಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇರಿಂಗಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೊಂದು ಹನಿ, ಗೇರಿಗೆ ರೀಲ್ ಗ್ರೀಸ್. ಡ್ರ್ಯಾಗಿನ ವಾಷರುಗಳಿಗೆ ಯಾವ ಎಣ್ಣೆಯೂ ತಾಗಬಾರದು.

ತೊಳೆಯುವಾಗ ಡ್ರ್ಯಾಗ್ ಪೂರ್ತಿ ಬಿಗಿಮಾಡಿ, ಸಿಹಿನೀರನ್ನು ಚೊಂಬಿನಿಂದ ಸುರಿಯಿರಿ. ಪೈಪಿನ ರಭಸದ ನೀರು ಉಪ್ಪನ್ನು ಒಳಗೇ ತಳ್ಳುತ್ತದೆ. ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ಬಿಗಿಯಾಗಿಯೇ ಇಟ್ಟರೆ ವಾಷರ್ ಚಪ್ಪಟೆಯಾಗಿ ಮುಂದಿನ ಸಲ ದಾರ ಜರ್ಕು ಹೊಡೆಯುತ್ತ ಬಿಡುತ್ತದೆ. ಲ್ಯೂರುಗಳನ್ನೂ ತೊಳೆಯಿರಿ, ಒಂದು ತುಕ್ಕು ಹಿಡಿದ ಹುಕ್ಕು ಪೆಟ್ಟಿಗೆಯ ಉಳಿದವನ್ನೂ ಕೆಡಿಸುತ್ತದೆ.

ಪ್ರಶ್ನೆ: ಯಾವ ಬಣ್ಣದ ಲ್ಯೂರ್? (ಸದಾಶಿವಗಡ)

ಉತ್ತರ: ತಿಳಿನೀರಿಗೆ ಬೆಳ್ಳಿ, ಕದಡು ನೀರಿಗೆ ಬಂಗಾರ ಅಥವಾ ಕಪ್ಪು. ಮೂರು ಸಾಕು, ಉಳಿದ ದುಡ್ಡನ್ನು ಹುಕ್ಕಿಗೆ ಹಾಕಿ. ರಾತ್ರಿ ದೀಪದ ಕೆಳಗೆ ಗಾಳ ಹಾಕುವುದಾದರೆ ಬಣ್ಣಕ್ಕಿಂತ ನೆರಳಿನ ಗೆರೆ ಮುಖ್ಯ: ಚೊಣಕ್ ಕತ್ತಲೆಯ ಬದಿಗೆ ನಿಂತು ಬೆಳಕಿನ ಕಡೆ ನೋಡುತ್ತಿರುತ್ತದೆ. ಬೆಳಕಿನಲ್ಲಿ ಬೀಳಿಸಿ ನೆರಳಿನೊಳಗೆ ತನ್ನಿ.

ಪ್ರಶ್ನೆ: ಮೀನು ಸಾಕುವ ಪಂಜರದ ಸುತ್ತ ದೊಡ್ಡ ಮೀನು ಸೇರುತ್ತವೆ. ಅಲ್ಲಿ ಎಸೆಯಬಹುದೇ? (ಸುಂಕೇರಿ, ಕಾರವಾರ)

ಉತ್ತರ: ಬೇಡ. ಟ್ರೆಬಲ್ ಹುಕ್ಕು ಬಲೆಗೆ ಸಿಕ್ಕಿ ಒಂದು ಕಣ್ಣು ಹರಿದರೂ ಸಾಕಿದವರ ಮೀನು ಹೊಳೆಗೆ. ಒಂದು ಪೂರ್ತಿ ಎಸೆತದಷ್ಟು ದೂರ ಬಿಟ್ಟು, ಹರಿವಿನ ಕೆಳಬದಿಗೆ ನಿಲ್ಲಿ. ತಿನಿಸಿನ ಚೂರು ಅಲ್ಲಿಗೂ ಬರುತ್ತದೆ.

ಪ್ರಶ್ನೆ: ಜೂನ್, ಜುಲೈ ಬಂದ್ ಗಾಳಕ್ಕೂ ಅನ್ವಯವೇ? ಎಷ್ಟು ದೊಡ್ಡ ಮೀನು ಇಟ್ಟುಕೊಳ್ಳುವುದು ಸರಿ? (ಕಿನ್ನರ, ಕಾರವಾರ)

ಉತ್ತರ: ಜೂನ್ 1ರಿಂದ ಜುಲೈ 31ರ 61 ದಿನಗಳ ನಿಷೇಧ ಯಾಂತ್ರೀಕೃತ ದೋಣಿಗಳಿಗೆ. ದಂಡೆಯ ಗಾಳಕ್ಕೆ ಅಲ್ಲ. ಆದರೂ ಆ ದಿನಗಳಲ್ಲಿ ಅಳಿವೆಯ ಬಾಯಿ ಬಿಡಿ ಎನ್ನುತ್ತೇವೆ. ಚೊಣಕ್ ಮೊಟ್ಟೆ ಇಡಲು ಉಪ್ಪುನೀರಿಗೆ ಇಳಿಯುವುದು ಮಳೆಗಾಲದಲ್ಲೇ. ಕದ್ರಾ ಅಣೆಕಟ್ಟೆಯ ಗೇಟು ತೆಗೆದರೆ ಕಾಳಿಯ ದಂಡೆ ನಿಲ್ಲುವ ಜಾಗವೂ ಅಲ್ಲ.

ಅಳತೆಯ ವಿಷಯ. ಚೊಣಕ್ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷದ ನಂತರ ಹೆಣ್ಣಾಗುತ್ತದೆ. ದೊಡ್ಡ ಮೀನೆಲ್ಲ ಬಹುಪಾಲು ಹೆಣ್ಣು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಪೂರ್ವ ಕರಾವಳಿಯಲ್ಲಿ 58 ಸೆಂ.ಮೀ.ಗಿಂತ ಸಣ್ಣದನ್ನೂ 120ಕ್ಕಿಂತ ದೊಡ್ಡದನ್ನೂ ಬಿಡಲೇಬೇಕು. ನಮ್ಮ ಹೊಳೆಗಳು ಚಿಕ್ಕವು, ಹಾಗಾಗಿ ದೊಡ್ಡ ಮೀನಿನ ವಿಷಯದಲ್ಲಿ ನಮ್ಮ ಸಲಹೆ ಇನ್ನೂ ಬಿಗಿ: 55ರಿಂದ 75 ಸೆಂ.ಮೀ. ನಡುವಿನದನ್ನು ಮನೆಗೆ, ಉಳಿದದ್ದು ನೀರಿಗೆ. ಸಾರಿಗೂ ಹುರಿಯುವುದಕ್ಕೂ ರುಚಿ ಈ ಅಳತೆಯದ್ದೇ.

ಬಿಡುವ ಮೀನನ್ನು ತುಟಿಗೆ ಗ್ರಿಪ್ ಹಾಕಿ ನೇತಾಡಿಸಬೇಡಿ, ತನ್ನದೇ ಭಾರಕ್ಕೆ ದವಡೆ, ಬೆನ್ನೆಲುಬು ಪೆಟ್ಟು ತಿನ್ನುತ್ತದೆ. ಒದ್ದೆ ಕೈಯಿಂದ ಹೊಟ್ಟೆಗೆ ಆಧಾರ ಕೊಡಿ, ಕಿವಿರಿನೊಳಗೆ ಬೆರಳು ಬೇಡ (ಬೆರಳಿಗೂ ಅದು ಒಳ್ಳೆಯದಲ್ಲ). ಹುಕ್ಕಿನ ಮುಳ್ಳನ್ನು ಮೊದಲೇ ಪಕ್ಕಡದಿಂದ ಒತ್ತಿ ಮಟ್ಟಮಾಡಿದ್ದರೆ ಬಿಡಿಸುವುದು ಕ್ಷಣದ ಕೆಲಸ. ಹುಕ್ಕು ಗಂಟಲಿಗೆ ಇಳಿದಿದ್ದರೆ ಎಳೆಯದೆ ಲೀಡರನ್ನು ಬಾಯಿಯ ಹತ್ತಿರ ಕತ್ತರಿಸಿ. ಆಮೇಲೆ ಹರಿವಿಗೆ ಮುಖ ಮಾಡಿ ಹಿಡಿದು, ಬಾಲ ತಾನಾಗಿ ಬಡಿಯುವವರೆಗೆ ಕಾಯಿರಿ.

ಪ್ರಶ್ನೆ: ಲ್ಯೂರಿಗೆ ಶಾಂಗಟ್ (ಕ್ಯಾಟ್‌ಫಿಶ್) ಸಿಕ್ಕಿ, ಬಿಡಿಸುವಾಗ ಮುಳ್ಳು ಚುಚ್ಚಿತು. ಕೈಯೆಲ್ಲ ಉರಿ. ಏನು ಮಾಡಬೇಕಿತ್ತು? (ತದಡಿ)

ಉತ್ತರ: ತಾಳಬಲ್ಲಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಕೈಯನ್ನು 30ರಿಂದ 90 ನಿಮಿಷ ಮುಳುಗಿಸಿಡಬೇಕು. ಬಿಸಿಗೆ ಮುಳ್ಳಿನ ವಿಷದ ಬಲ ಕುಂದುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಿ, ನೋವಿನ ಕೈಗೆ ಸುಟ್ಟರೂ ತಿಳಿಯುವುದಿಲ್ಲ. ಮುಳ್ಳಿನ ಚೂರು ಒಳಗೆ ಉಳಿದಿದ್ದರೆ, ಬಾವು ಏರುತ್ತಿದ್ದರೆ, ಮುಳ್ಳು ಆಳಕ್ಕೆ ಇಳಿದಿದ್ದರೆ ವೈದ್ಯರಲ್ಲಿಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ತೊರಕೆ (ಸ್ಟಿಂಗ್‌ರೇ) ಚುಚ್ಚಿದರೂ ಮೊದಲ ಉಪಚಾರ ಇದೇ, ಆದರೆ ಎದೆ, ಹೊಟ್ಟೆಗೆ ತಾಗಿದ್ದರೆ ಬಿಸಿನೀರಿಗೆ ಕಾಯದೆ ನೇರ ಆಸ್ಪತ್ರೆ. ಮುಂದಿನ ಸಲ ಶಾಂಗಟನ್ನು ಕೈಯಿಂದ ಹಿಡಿಯಬೇಡಿ. ಉದ್ದ ಮೂತಿಯ ಪಕ್ಕಡದಿಂದ ಹುಕ್ಕಿನ ಕಾಂಡ ಹಿಡಿದು ತಲೆಕೆಳಗೆ ಮಾಡಿ ಕೊಡವಿದರೆ ಮೀನು ತಾನೇ ಕಳಚಿ ಬೀಳುತ್ತದೆ.